ಎಂಬತ್ತೆಂಟನೆಯ ಷರಾ

ಬಾಗಿಲನ್ನು ಯಾರೋ ಮೂರು ಸಲ ಬಡಿದರು. ಕ್ಷಣ ತಡೆದು ಮತ್ತೆ ಮೂರು ಸಲ.

ಕರೆಗಂಟೆ ಇರುವಾಗ ಬಾಗಿಲು ಬಡಿಯುವವರು ಯಾರಿರಬಹುದೆಂದು ರಂಜನಿ ಗಡಿಯಾರ ನೋಡಿದಳು. ಒಂಬತ್ತೂ ಮುಕ್ಕಾಲು. ಕುವೆಂಪುನಗರದ ಆ ಅಡ್ಡರಸ್ತೆ ಒಂಬತ್ತಕ್ಕೆಲ್ಲ ಮಲಗಿಬಿಡುತ್ತಿತ್ತು. ತಾಯಿ ಸುಂದರಮ್ಮ ಹಾಸಿಗೆಯಿಂದಲೇ, “ಕಿಟಕಿಯಿಂದ ನೋಡಿ ಆಮೇಲೆ ಚಿಲಕ ತೆಗಿಯೇ,” ಎಂದರು.

ಕಿಟಕಿಯಾಚೆ ನಿಂತಿದ್ದವನು ಸಣ್ಣಮಾದಯ್ಯ, ಜವಳಿ ವ್ಯಾಪಾರಿ ಮಹದೇವಪ್ಪನವರ ಕಾರಿನ ಡ್ರೈವರ್. ನಾಲ್ಕು ತಿಂಗಳಿಂದ ಕಂಡ ಮುಖ. ನಗದೆ ಒಂದು ಮಾತೂ ಆಡದ ಆ ಮನುಷ್ಯ ಇಂದು ನೆಲ ನೋಡುತ್ತ ನಿಂತಿದ್ದ.

“ಅಕ್ಕಾರೆ, ಯಜಮಾನ್ರು ಕರ್ಕಂಬಾ ಅಂದವ್ರೆ. ಈಗ್ಲೇ.”

“ಏನಾಯ್ತು ಸಣ್ಣಮಾದಯ್ಯ? ಯಾರಿಗಾದ್ರೂ ಹುಷಾರಿಲ್ವಾ?”

“ನನ್ನ ಕೇಳ್ಬ್ಯಾಡಿ. ಏನೂ ಏಳ್ಬ್ಯಾಡ ಅಂದವ್ರೆ.”

“ಬೆಳಿಗ್ಗೆ ಬಂದ್ರೆ ಆಗಲ್ವಾ?”

“ನೀವು ಬರ್ದೇ ಓದ್ರೆ ಅವ್ರೇ ಇಲ್ಲಿಗೆ ಬತ್ತಾರಂತೆ. ಒಬ್ರೇ ಬರಕ್ಕಿಲ್ವಂತೆ.”

ಆ ಕೊನೆಯ ಮಾತು ರಂಜನಿಯ ಕಾಲಿಗೆ ಚಪ್ಪಲಿ ಮೆಟ್ಟಿಸಿತು. ಮೂವತ್ತಮೂರರ ಅವಳು ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಮೈಸೂರಿನ ಅಂಗಡಿ, ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು ತನ್ನ ಹಾಗೂ ತಾಯಿಯ ಬದುಕು ನಡೆಸುತ್ತಿದ್ದವಳು. ಅದು 2002ರ ನವೆಂಬರ್. ವೆಬ್‌ಸೈಟ್ ಎಂದರೆ ಏನೆಂದು ಮೊದಲು ಅರ್ಧ ಗಂಟೆ ವಿವರಿಸಿ, ಆಮೇಲೆ ಅದು ಏಕೆ ಬೇಕೆಂದು ಇನ್ನರ್ಧ ಗಂಟೆ ವಿವರಿಸಬೇಕಾಗಿದ್ದ ಕಾಲ. ಹೆಸರು ಕೆಟ್ಟರೆ ಇನ್ನೊಂದು ಬಾಗಿಲು ತೆರೆಯುವಂತಿರಲಿಲ್ಲ.

ಕಾರು ಸರಸ್ವತಿಪುರಂ ತಲುಪುವವರೆಗೂ ಸಣ್ಣಮಾದಯ್ಯ ತುಟಿ ಬಿಚ್ಚಲಿಲ್ಲ. ಇಳಿಯುವಾಗ ಮಾತ್ರ, “ಮನೆಯಮ್ಮಾರು ಇಂದ್ರಮ್ಮವ್ರು ಎಚ್ಚರವಾಗೇ ಅವ್ರೆ. ನೀವು ಎದ್ರಬ್ಯಾಡಿ ಅಕ್ಕಾರೆ,” ಎಂದ. ಹೆದರಬೇಡಿ ಎಂದ ಮೇಲೆಯೇ ಅವಳಿಗೆ ಹೆದರಿಕೆ ಹುಟ್ಟಿದ್ದು.

ಮಹದೇವಪ್ಪನವರ ಮನೆಯ ಮುಂಭಾಗದ ಕೋಣೆಯೇ ವಧೂವರ ಕೇಂದ್ರದ ಕಚೇರಿ. ಸಂತೇಪೇಟೆಯಲ್ಲಿ ಜವಳಿ ಅಂಗಡಿ, ಇಲ್ಲಿ ಸಮಾಜಸೇವೆ. ಮೂವತ್ತು ವರ್ಷಗಳಿಂದ ತಮ್ಮ ಜನಾಂಗದ ಹುಡುಗ ಹುಡುಗಿಯರಿಗೆ ಸಂಬಂಧ ಕೂಡಿಸುತ್ತ ಬಂದ ಅಧ್ಯಕ್ಷರು. ರಂಜನಿ ಒಳಗೆ ಕಾಲಿಟ್ಟೊಡನೆ ಹಿಂದಿನಿಂದ ಕಬ್ಬಿಣದ ಜಾಲರಿ ಗೇಟು ಕಿರ್ರೆಂದು ಮುಚ್ಚಿಕೊಂಡಿತು. ಮಹದೇವಪ್ಪನವರು ತಮ್ಮ ಕೈಯಾರೆ ಬೀಗ ಜಡಿದು, ಕೀಲಿಯನ್ನು ಜುಬ್ಬದ ಜೇಬಿಗೆ ಹಾಕಿಕೊಂಡರು. ಒಳಮನೆಗೆ ಹೋಗುವ ಬಾಗಿಲಿಗೂ ಅಂದು ಬೀಗ ಬಿದ್ದಿತ್ತು. ಅದರ ಪಕ್ಕದ ಸರಳಿನ ಕಿಟಕಿ ಮಾತ್ರ ತೆರೆದಿತ್ತು.

“ಇದ್ಯಾಕೆ ಸರ್, ಬೀಗ?”

“ಕೂತ್ಕೊಳ್ಳಿ. ನೋಡಿ, ಆಮೇಲೆ ಮಾತಾಡಿ,” ಎಂದರು ಮಹದೇವಪ್ಪ.

ಮೇಜಿನ ಆಚೆ ಕೇಂದ್ರದ ಕಾರ್ಯದರ್ಶಿ ಮೃತ್ಯುಂಜಯ ಕುಳಿತಿದ್ದ. ಖಾಸಗಿ ಕಾಲೇಜಿನ ಉಪನ್ಯಾಸಕ. ಅಧ್ಯಕ್ಷರ ಕುರ್ಚಿಯ ಮೇಲೆ ಅವನ ಕಣ್ಣಿದೆಯೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಅವನು ಕಂಪ್ಯೂಟರಿನ ಪರದೆಯನ್ನು ರಂಜನಿಯ ಕಡೆಗೆ ತಿರುಗಿಸಿದ.

ಅದು ಅವಳೇ ಕಟ್ಟಿದ ವೆಬ್‌ಸೈಟು. ಆದರೆ ಮುಖಪುಟದಲ್ಲಿ ಇದ್ದ ಬಸವಣ್ಣನ ಚಿತ್ರ, ಕೇಂದ್ರದ ಪರಿಚಯ, ಅಧ್ಯಕ್ಷರ ಸಂದೇಶ ಯಾವುದೂ ಇರಲಿಲ್ಲ. ಬಿಳಿಯ ಪುಟ. ಮೇಲೆ ಮೂರು ಸಾಲು:

ನಿಮ್ಮ ನೋಂದಣಿ ಸಂಖ್ಯೆ ನಿಮಗೆ ಗೊತ್ತು.
ನಿಮ್ಮ ಬಗ್ಗೆ ಬರೆದಿರುವುದು ಇದು.
ಬರೆದವರು: ಅಧ್ಯಕ್ಷರು.

ಆ ಸಾಲುಗಳ ಕೆಳಗೆ ಅಡ್ಡಗೆರೆಯಿಲ್ಲ. ಪುಟ್ಟ ಪುಟ್ಟ ಹೈಫನ್ ಕಡ್ಡಿಗಳನ್ನು ಒಂದರ ಪಕ್ಕ ಒಂದು ಒತ್ತಿ ಗೆರೆ ಮಾಡಲಾಗಿತ್ತು. ಅದರ ಕೆಳಗೆ ಒಂದರಿಂದ ಇನ್ನೂರ ಹದಿನಾಲ್ಕರವರೆಗೆ ಷರಾಗಳು.

ಸಂಖ್ಯೆ 12. ಎಡಗಾಲಿನಲ್ಲಿ ಬಿಳಿ ಮಚ್ಚೆ. ಸೀರೆಯಲ್ಲಿ ಕಾಣದು.

ಸಂಖ್ಯೆ 41. ತಂದೆ ಸಂಜೆಯ ಮೇಲೆ ಮಾತಿಗೆ ಸಿಗುವುದಿಲ್ಲ.

ಸಂಖ್ಯೆ 67. ನಿಶ್ಚಿತಾರ್ಥ ಒಮ್ಮೆ ಮುರಿದಿದೆ. ಹುಡುಗಿಯದೇ ತಪ್ಪಿರಬಹುದು.

ಸಂಖ್ಯೆ 88. ಹುಡುಗಿಯ ದೊಡ್ಡಮ್ಮನಿಗೆ ಹಿಂದೆ ಬುದ್ಧಿಭ್ರಮಣೆಯಾಗಿತ್ತು. ವಂಶಕ್ಕೆ ಇಳಿಯಬಹುದು.

“ಅಲ್ಲೇ ನಿಂತ್ಕೋಬೇಡಿ, ಕೆಳಗೆ ಹೋಗಿ,” ಎಂದರು ಮಹದೇವಪ್ಪ, ಅಗತ್ಯಕ್ಕಿಂತ ಗಟ್ಟಿಯಾಗಿ.

ಈ ಷರಾಗಳನ್ನು ರಂಜನಿ ಬಲ್ಲಳು. ಕೇಂದ್ರಕ್ಕೆ ಅರ್ಜಿ ಕೊಟ್ಟ ಪ್ರತಿ ಹುಡುಗಿಯ ಮನೆಯ ಬಗ್ಗೆ ಅಧ್ಯಕ್ಷರು ಗುಟ್ಟಾಗಿ ವಿಚಾರಿಸಿ, ಕಪ್ಪು ಹೊದಿಕೆಯ ಪುಸ್ತಕದಲ್ಲಿ ಒಂದೆರಡು ಸಾಲು ಬರೆದಿಡುತ್ತಿದ್ದರು. ಗಂಡಿನ ಕಡೆಯವರು ಬಂದಾಗ ಆ ಸಾಲನ್ನು ಅವರ ಕಿವಿಯಲ್ಲಿ ಹೇಳುತ್ತಿದ್ದರು. ಹೆಣ್ಣಿನ ಮನೆಯವರಿಗೆ ಅಂಥದೊಂದು ಪುಸ್ತಕವಿದೆಯೆಂಬುದೇ ಗೊತ್ತಿರಲಿಲ್ಲ. ಒಪ್ಪಿಗೆಯಾದ ಸಂಬಂಧ ಏಕೆ ತಪ್ಪಿತೆಂದು ತಿಳಿಯದೆ ಅವರು ಗ್ರಹಗತಿಯನ್ನು ದೂರುತ್ತಿದ್ದರು. ಜುಲೈಯಲ್ಲಿ ವೆಬ್‌ಸೈಟ್ ಇಡುವ ಹೋಸ್ಟಿಂಗ್ ಖಾತೆ ತೆರೆಯುವಾಗಲೇ ರಂಜನಿ, “ಇದನ್ನ ಇಂಟರ್ನೆಟ್‌ಗೆ ಹಾಕೋದು ಬೇಡ ಸರ್,” ಎಂದು ಜಗಳವಾಡಿದ್ದಳು. ಅಂಗಡಿಯಲ್ಲಿ ಕುಳಿತೇ ನೋಡಲು ತಮಗೆ ಬೇಕು, ಬೀಗ ಹಾಕಿದ ಕಡತದಲ್ಲಿರಲಿ ಎಂದು ಅವರು ಹಟ ಹಿಡಿದಿದ್ದರು. ಇಂದು ಆ ಬೀಗವನ್ನು ಯಾರೋ ತೆಗೆದಿದ್ದರು.

“ಸಂಜೆ ಚಾಮರಾಜನಗರದಿಂದ ಫೋನು,” ಎಂದ ಮೃತ್ಯುಂಜಯ. “ನಂಜನಗೂಡಿಂದ ಮೂರು. ದೀಪಾವಳಿ ಕರಪತ್ರದಲ್ಲಿ ವೆಬ್‌ಸೈಟ್ ವಿಳಾಸ ಅಚ್ಚು ಹಾಕ್ಸಿದ್ವಲ್ಲ, ಜನ ಸೈಬರ್ ಕೆಫೆಗೆ ಹೋಗಿ ಓದ್ತಿದ್ದಾರೆ ಕಣ್ರೀ. ನಾಳೆ ಬೆಳಿಗ್ಗೆ ಹತ್ತಕ್ಕೆ ಸರ್ವಸದಸ್ಯರ ಸಭೆ. ಇಲ್ಲೇ.”

“ಇದನ್ನ ಮಾಡಿದ್ದು ನಾನಲ್ಲ.”

“ಪಾಸ್‌ವರ್ಡ್ ಇದ್ದಿದ್ದು ಯಾರ ಹತ್ರ? ಷರಾ ಬೇಡ ಅಂತ ಜಗಳ ಆಡಿದ್ದು ಯಾರು? ಇನ್ನೊಬ್ರ ಮದುವೆ ನಿಲ್ಸಿದ್ರೆ ನಿಮಗೇನಮ್ಮಾ ಸಿಗುತ್ತೆ? ಓಹೋ, ನಿಮ್ದಿನ್ನೂ ಆಗಿಲ್ಲ ಅಲ್ವಾ.”

“ಮೃತ್ಯುಂಜಯ, ಬಾಯಿ ಬಿಗಿ ಹಿಡಿ,” ಎಂದರು ಮಹದೇವಪ್ಪ. ಮರುಕ್ಷಣ ರಂಜನಿಯ ಮುಂದೆ ಒಂದು ಕಾಗದ ಸರಿಸಿದರು. ಪೊಲೀಸ್ ಠಾಣೆಗೆ ಬರೆದ ದೂರು. ಆರೋಪಿಯ ಜಾಗದಲ್ಲಿ ಅವಳ ಹೆಸರು, ವಿಳಾಸ, ತಂದೆ ದಿವಂಗತ ದೊರೆಸ್ವಾಮಿಯವರ ಹೆಸರು ಸಹ. “ಹೊಸ ಕಾನೂನು ಬಂದಿದೆಯಂತೆ. ಮೂರು ವರ್ಷ ಅಂತ ಇವ್ರು ಓದಿ ಹೇಳಿದ್ರು. ರಾತ್ರಿ ಹನ್ನೆರಡರ ಒಳಗೆ ಆ ಪುಟ ತೆಗೀರಿ, ಮಾಡಿದ್ದು ಯಾರು ಅಂತ ತೋರ್ಸಿ. ಇಲ್ಲಾಂದ್ರೆ ಇವ್ರು ಇಲ್ಲಿಂದ ಸೀದಾ ಠಾಣೆಗೆ. ಅಲ್ಲೀವರೆಗೆ ಈ ಬೀಗ ತೆಗ್ಯಲ್ಲ.”

ಗೋಡೆ ಗಡಿಯಾರದಲ್ಲಿ ಹತ್ತೂ ಹತ್ತು.

ರಂಜನಿ ಮೋಡೆಮ್ ಹಚ್ಚಿದಳು. ಅದು ಕೂಗಾಡಿ, ಕರಕರಗುಟ್ಟಿ, ಕೊನೆಗೊಮ್ಮೆ ತಣ್ಣಗಾಯಿತು. ಹೋಸ್ಟಿಂಗ್ ಕಂಪನಿಯ ಪುಟ ಬಂತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಹನ್ನೊಂದಕ್ಷರದ ಪಾಸ್‌ವರ್ಡನ್ನು ತನಗೇ ಬಾಯಿಪಾಠವಾಗಿದ್ದರೂ ಬೆರಳಿಟ್ಟು ನೋಡುತ್ತ ಒತ್ತಿದಳು. ತಪ್ಪು ಎಂದಿತು. ಇನ್ನೊಮ್ಮೆ ಒತ್ತಿದಳು. ತಪ್ಪು. ಪಾಸ್‌ವರ್ಡ್ ಮರೆತಿದ್ದರೆ ನೋಂದಾಯಿತ ಇಮೇಲಿಗೆ ಕಳಿಸುವುದಾಗಿ ತೋರಿಸಿ, ಆ ವಿಳಾಸದ ಮೊದಲ ಎರಡು ಅಕ್ಷರಗಳನ್ನಷ್ಟೇ ಬಿಟ್ಟು ಉಳಿದವನ್ನು ಚುಕ್ಕಿಗಳಿಂದ ಮುಚ್ಚಿತು. ಅದು ಅವಳ ವಿಳಾಸವಲ್ಲ.

ಒಳಗೆ ನುಗ್ಗಿದವರು ಹಿಂದಿನ ಬಾಗಿಲನ್ನೂ ಹಾಕಿಕೊಂಡಿದ್ದರು.

ಮನೆಗೆ ಇದ್ದದ್ದು ಒಂದೇ ಫೋನ್ ಲೈನು. ಇಂಟರ್ನೆಟ್ ಕಡಿದರೆ ಮಾತ್ರ ಮಾತಾಡಬಹುದು. ಕಡಿದು, ಬೆಂಗಳೂರಿನ ಹೋಸ್ಟಿಂಗ್ ಕಂಪನಿಗೆ ಎಸ್‌ಟಿಡಿ ಹಚ್ಚಿದಳು. ರಾತ್ರಿಪಾಳಿಯ ಹುಡುಗ ತನ್ನ ಹೆಸರು ವಿಶ್ರುತ್ ಎಂದ. ಧ್ವನಿ ಎಷ್ಟು ಮೃದುವಾಗಿತ್ತೋ ನಿಯಮ ಅಷ್ಟೇ ಗಡುಸಾಗಿತ್ತು.

“ಮೇಡಂ, ನೀವು ಹೇಳೋದು ನಿಜಾನೇ ಇರಬಹುದು. ಆದ್ರೆ ಖಾತೆಯಲ್ಲಿ ಈಗ ನಿಮ್ಮ ಹೆಸರಿಲ್ಲ. ಸಂಪರ್ಕದ ವ್ಯಕ್ತಿ ಬದಲಾಗಿದ್ದಾರೆ.”

“ಯಾರ ಹೆಸರಿದೆ?”

“ಅದನ್ನ ನಾವು ಹೇಳೋ ಹಾಗಿಲ್ಲ. ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪತ್ರ ಬರ್ದು, ಈಗ ಖಾತೆಯಲ್ಲಿರೋ ವ್ಯಕ್ತಿ ಹೆಸರು ಬರ್ದು ಸಹಿ ಹಾಕಿ ಫ್ಯಾಕ್ಸ್ ಮಾಡ್ಬೇಕು. ಹೆಸರು ಹೊಂದಿದ್ರೆ ತಕ್ಷಣ ಹೊಸ ಪಾಸ್‌ವರ್ಡ್ ಕೊಡ್ತೀನಿ.”

“ಹೊಂದದೇ ಇದ್ರೆ?”

“ಖಾತೆ ಸ್ತಂಭನ ಆಗುತ್ತೆ. ಮೂರು ದಿನ. ಪುಟ ಹೇಗಿದೆಯೋ ಹಾಗೇ ಇರುತ್ತೆ, ಯಾರೂ ಮುಟ್ಟೋ ಹಾಗಿಲ್ಲ. ಒಂದೇ ಅವಕಾಶ ಮೇಡಂ, ನೋಡ್ಕೊಂಡು ಕಳ್ಸಿ.”

“ಯಾವಾಗ ಬದಲಾಯಿಸಿದ್ರು, ಅದನ್ನಾದ್ರೂ ಹೇಳಬಹುದಾ?”

ಕೀಲಿಮಣೆಯ ಸದ್ದು ಕೇಳಿಸಿತು. “ಸೋಮವಾರ ಬದಲಾಯಿಸಿ, ಅವತ್ತಿಂದ ನಿನ್ನೆ ಶುಕ್ರವಾರದವರೆಗೆ ಖಾತೆಯೊಳಗೆ ಬಂದಿದ್ದಾರೆ. ದಿನಾ ಮಧ್ಯಾಹ್ನ ಎರಡರ ಮೇಲೆ, ಒಂದು ಒಂದೂವರೆ ಗಂಟೆ. ಮೈಸೂರಿನಿಂದಲೇ ಡಯಲ್ ಆಗಿದೆ.”

ಅವಳು ಫೋನಿಟ್ಟು ಎಲ್ಲವನ್ನೂ ಹೇಳಿದಳು. ಹೇಳಬಾರದಿತ್ತೆಂದು ಹೇಳಿ ಮುಗಿಸುವಷ್ಟರಲ್ಲೇ ಅನ್ನಿಸಿತು.

“ಮಧ್ಯಾಹ್ನ ನಾನು ಸಂತೇಪೇಟೆ ಅಂಗಡೀಲಿ,” ಎಂದರು ಮಹದೇವಪ್ಪ. “ಇವ್ರು ಕಾಲೇಜಲ್ಲಿ. ನೀವೆಲ್ಲಿದ್ರಿ?”

“ಮನೇಲಿ.”

“ಜೊತೆಗೆ?”

“ಅಮ್ಮ ಇದ್ರು. ಆ ಹೊತ್ತಲ್ಲಿ ಮಲಗಿರ್ತಾರೆ.”

ಮೃತ್ಯುಂಜಯ ನಕ್ಕ. ಲೆಟರ್‌ಹೆಡ್ಡೊಂದನ್ನು ಸೆಳೆದು, ಪೆನ್ನಿನ ಮುಚ್ಚಳ ತೆಗೆದು, ಅವಳ ಕೈಗಿಟ್ಟ. “ಇನ್ಯಾಕೆ ತಡ? ನಿಮ್ಮ ಹೆಸರೇ ಬರ್ದು ಸಹಿ ಹಾಕ್ಬುಡಿ. ಹೊಂದೇ ಹೊಂದುತ್ತೆ.”

ರಂಜನಿ ಆ ಖಾಲಿ ಹಾಳೆಯನ್ನು ನೋಡಿದಳು. ತನ್ನ ಹೆಸರು ಬರೆದರೆ ಅದೇ ತಪ್ಪೊಪ್ಪಿಗೆ. ಆ ಹೆಸರು ಖಾತೆಯಲ್ಲಿ ಇಲ್ಲವಾದ್ದರಿಂದ ಪುಟವೂ ಮೂರು ದಿನ ಅಲ್ಲಾಡದೆ ನಿಲ್ಲುತ್ತದೆ. ಬರೆಯದಿದ್ದರೆ ದೂರು. ಬೀಗ, ಗೇಟು, ಸರಳಿನ ಕಿಟಕಿ ಎಲ್ಲವೂ ಇದ್ದ ಆ ಕೋಣೆ ಇನ್ನಷ್ಟು ಇಕ್ಕಟ್ಟಾಯಿತು. ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು.

“ಯಾರಲ್ಲಿ? ಕಾಫಿ ಕಳ್ಸಿ,” ಎಂದು ಮಹದೇವಪ್ಪ ಒಳಮನೆಯ ಕಡೆಗೆ ಕೂಗಿದರು.

ಕಿಟಕಿಯ ಸರಳುಗಳ ನಡುವೆ ಮೂರು ಲೋಟಗಳು ಒಂದೊಂದಾಗಿ ಈಚೆಗೆ ಬಂದವು. ಕೊಡುತ್ತಿದ್ದವರು ಮಹದೇವಪ್ಪನವರ ಹೆಂಡತಿ ಇಂದ್ರಮ್ಮ. ಹಿಂದೆ ಮಗಳು ಶಿವಾನಿ. ಮೂರು ತಿಂಗಳು ರಂಜನಿ ಇದೇ ಕೋಣೆಯಲ್ಲಿ ಕುಳಿತು ಹುಡುಗಿಯರ ವಿವರ ತುಂಬುತ್ತಿದ್ದಾಗ ಇಬ್ಬರೂ ಅವಳ ಬೆನ್ನ ಹಿಂದೆ ನಿಲ್ಲುತ್ತಿದ್ದವರೇ. ಶಿವಾನಿ ಕಂಪ್ಯೂಟರ್ ಕೋರ್ಸು ಮುಗಿಸಿದವಳಾದ್ದರಿಂದ ತಪ್ಪು ಹಿಡಿಯುತ್ತಿದ್ದಳು. ಇಂದ್ರಮ್ಮ ಮಾತ್ರ, ಇದು ಒತ್ತಿದ್ರೆ ಏನಾಗುತ್ತಮ್ಮ, ಅದು ಎಲ್ಲಿಗೆ ಹೋಗುತ್ತಮ್ಮ ಎಂದು ಮಗುವಿನಂತೆ ಕೇಳುತ್ತಿದ್ದರು. ಬೇಸರ ಕಳೆಯಲು ರಂಜನಿಯೂ ಹೇಳಿಕೊಡುತ್ತಿದ್ದಳು.

“ಕುಡೀರಮ್ಮ. ನಿಮಗೇನೂ ಆಗಲ್ಲ ಕಣಮ್ಮ,” ಎಂದರು ಇಂದ್ರಮ್ಮ ತಗ್ಗಿದ ದನಿಯಲ್ಲಿ.

“ಅಪ್ಪಾಜಿ, ರಂಜನಿ ಅಕ್ಕನ್ನ ಮನೆಗೆ ಕಳಿಸ್ಬುಡಿ,” ಎಂದಳು ಶಿವಾನಿ. “ಷರಾ ಬರೆದಿದ್ದು ಅವರಾ? ಅಮ್ಮನ ಸ್ವಂತ ತಂಗಿ ಮಗಳು ಲಾಸ್ಯಂದು ಮೂರು ಸಂಬಂಧ ಯಾಕೆ ತಪ್ಪಿಹೋಯ್ತು ಅಂತ ಈಗ ತಾನೇ ಅರ್ಥ ಆಗ್ತಿದೆ.”

“ಒಳಗೆ ಹೋಗೇ!”

ಇಬ್ಬರೂ ಕತ್ತಲಿಗೆ ಸರಿದರು. ಮೃತ್ಯುಂಜಯ ಕಾಫಿ ಹೀರುತ್ತ, “ಅಧ್ಯಕ್ಷರೆ, ಕಂಪ್ಯೂಟರ್ ಬಲ್ಲವರು ಈ ಮನೇಲೂ ಇದ್ದಾರೆ ಅಂತಾಯ್ತು,” ಎಂದ.

“ನನ್ನ ಮಗಳ ಹೆಸರು ಎತ್ತಿದ್ರೆ ಕಾರ್ಯದರ್ಶಿ ಗೀರ್ಯದರ್ಶಿ ನೋಡಲ್ಲ ನಾನು!”

ರಂಜನಿ ಅವರಿಬ್ಬರ ಜಗಳವನ್ನು ಕೇಳುತ್ತಿರಲಿಲ್ಲ. ಮಧ್ಯಾಹ್ನ ಎರಡರ ಮೇಲೆ ಯಾರೋ ದಿನವೂ ಪಾಸ್‌ವರ್ಡ್ ಬಳಸಿ ಒಳಹೊಕ್ಕಿದ್ದಾರೆ. ಅವರಿಗೆ ಮೊದಲು ಸಿಕ್ಕಿದ್ದು ಅವಳ ಹಳೆಯ ಪಾಸ್‌ವರ್ಡು. ಅದು ಎರಡೇ ಕಡೆ ಇತ್ತು: ಅವಳ ನೋಟ್‌ಬುಕ್ಕಿನಲ್ಲಿ, ಮತ್ತು ಹೋಸ್ಟಿಂಗ್ ಕಂಪನಿ ಕಳಿಸಿದ ಸ್ವಾಗತ ಪತ್ರದಲ್ಲಿ. ಆ ಪತ್ರವನ್ನು ಅವಳು ಮುದ್ರಿಸಿ, ಲಕೋಟೆಗೆ ಹಾಕಿ, ಅಂಟಿಸಿ, ಆಯುಧಪೂಜೆಯ ಹಿಂದಿನ ಸಂಜೆ ಅಧ್ಯಕ್ಷರ ಕೈಗೇ ಕೊಟ್ಟಿದ್ದಳು.

“ಸರ್, ಆ ಪತ್ರ ಎಲ್ಲಿದೆ?”

“ಬೀರುವಿನಲ್ಲಿ. ಕೀಲಿ ನನ್ನ ಉಡಿದಾರದಲ್ಲಿ. ಯಾಕೆ?”

“ಪೂಜೆ ದಿನ ಏನ್ಮಾಡಿದ್ರಿ ಅದನ್ನ?”

“ಏನ್ಮಾಡ್ತಾರೆ? ಕಾರಿನ ಪುಸ್ತಕ, ಅಂಗಡಿ ಲೈಸೆನ್ಸು, ಕಂಪ್ಯೂಟರು, ಎಲ್ಲದರ ಜೊತೆ ದೇವರ ಮುಂದೆ ಇಡಿಸಿದೆ. ಮುಚ್ಚಿದ ಲಕೋಟೆಗೆ ಪೂಜೆ ಮಾಡ್ಬಾರ್ದು ಅಂತ ಬಿಚ್ಚಿಸಿ, ವಿಭೂತಿ ಹಚ್ಚಿಸಿ, ಹೂ ಏರಿಸಿದೆ. ಸ್ನಾನ ಮಾಡಿ ಬಂದು ಮಂಗಳಾರತಿ ಎತ್ತಿದೆ. ಆಮೇಲೆ ಬೀರು.”

ಮೃತ್ಯುಂಜಯ ಕುರ್ಚಿಯಿಂದ ಎದ್ದೇಬಿಟ್ಟ. “ಅಂದ್ರೆ ಗುಟ್ಟಿನ ಪಾಸ್‌ವರ್ಡನ್ನ ಅರವತ್ತು ಜನರ ಮುಂದೆ ಪೂಜೆಗಿಟ್ರಾ? ಪ್ರಸಾದ ತಗೊಂಡವರೆಲ್ಲ ಓದಿರ್ತಾರಲ್ಲ!”

ರಂಜನಿಯ ಎದೆಯಲ್ಲಿ ಸಣ್ಣ ಬೆಳಕು. ಅರವತ್ತು ಜನ ನೋಡಿದ್ದಾರೆಂದರೆ ಅವಳೊಬ್ಬಳೇ ಅಲ್ಲ. “ಪತ್ರ ತೋರ್ಸಿ ಸರ್.”

ಬೀರು ತೆರೆಯಿತು. ಒಣಗಿದ ಚೆಂಡುಹೂವಿನ ಎಸಳುಗಳೊಡನೆ ಪತ್ರ ಮೇಜಿಗೆ ಬಂತು. ರಂಜನಿ ಅದನ್ನು ಬಿಡಿಸಿ ದೀಪದ ಕೆಳಗೆ ಹಿಡಿದಳು.

ಹಾಳೆಯ ನಡುವೆ ಮೂರು ಬೆರಳಿನ ವಿಭೂತಿ. ನೀರಿನಲ್ಲಿ ಕಲಸಿ ಎಳೆದದ್ದು. ಅವಳ ಇಂಕ್‌ಜೆಟ್ ಮುದ್ರಕದ ಮಸಿ ನೀರು ತಾಗಿದೊಡನೆ ಕರಗುವಂಥದು. ಮೂರು ಬೂದುಗೆರೆಗಳ ಅಡಿಯಲ್ಲಿ ಪಾಸ್‌ವರ್ಡಿನ ಸಾಲು ನೀಲಿ ಮಸಿಯ ಮೋಡವಾಗಿ ಹರಡಿತ್ತು. ಒಂದಕ್ಷರವೂ ಓದುವಂತಿರಲಿಲ್ಲ. ಮಂಗಳಾರತಿಯ ಹೊತ್ತಿಗೆ, ಜನ ಸೇರುವ ಹೊತ್ತಿಗೆ, ಅದು ಹೀಗೆಯೇ ಇತ್ತು.

“ಆ ಅರವತ್ತು ಜನರಲ್ಲಿ ಯಾರೂ ಇದನ್ನ ಓದಿರಲಾರರು,” ಎಂದಳು, ಬಾಯಿತಪ್ಪಿ.

“ಹಾಗಾದ್ರೆ ಉಳಿದವರು ನೀವೊಬ್ರೇ!” ಎಂದ ಮೃತ್ಯುಂಜಯ.

ತಾನೇ ಹೊಸೆದ ಹಗ್ಗ ತನ್ನ ಕುತ್ತಿಗೆಗೇ ಬಿತ್ತು. ಆದರೆ ಉಳಿದವರು ಇನ್ನೊಬ್ಬರಿದ್ದರು. ಲಕೋಟೆ ಬಿಚ್ಚಿದವರು. ಬಿಚ್ಚಿ, ಆ ಸಾಲನ್ನು ನೋಡಿ, ಆಮೇಲೆ ಅದರ ಮೇಲೆಯೇ ಮೂರು ಬೆರಳು ಎಳೆದವರು.

“ಸರ್, ವಿಭೂತಿ ಹಚ್ಚಿದ್ದು ಯಾರು?”

“ಯಾರೋ ಹಚ್ಚಿದ್ರಪ್ಪ. ಅದನ್ನೆಲ್ಲ ನಾನು ನೋಡ್ತಾ ಕೂತಿರ್ತೀನಾ? ಹಚ್ಚಿ ಅಂದೆ, ಹಚ್ಚಿದ್ರು.”

ಸುಳ್ಳಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಆ ಮನೆಯಲ್ಲಿ ಕೆಲಸಗಳು ಆಗುತ್ತಿದ್ದವು. ಮಾಡುವವರನ್ನು ಅವರು ತಿರುಗಿ ನೋಡಿದವರಲ್ಲ.

ಹನ್ನೊಂದೂ ಹತ್ತು. ರಂಜನಿ ಮತ್ತೆ ಆ ಬಿಳಿಯ ಪುಟವನ್ನು ತೆರೆದಳು. ಈ ಸಲ ಭಯವನ್ನು ಪಕ್ಕಕ್ಕಿಟ್ಟು, ಮಾಡಿದವರ ಕೈಕೆಲಸವನ್ನಷ್ಟೇ ನೋಡಿದಳು. ಕಡತದಲ್ಲಿ ಪ್ರತಿ ಷರಾದ ಜೊತೆಗೂ ಹುಡುಗಿಯ ಹೆಸರು, ಫೋಟೋ, ಊರು ಇದ್ದವು. ಇಲ್ಲಿ ಯಾವುದೂ ಇರಲಿಲ್ಲ. ಇನ್ನೂರ ಹದಿನಾಲ್ಕು ಹೆಸರುಗಳನ್ನು ಯಾರೋ ಐದು ಮಧ್ಯಾಹ್ನ ಕುಳಿತು ಒಂದೊಂದಾಗಿ ಅಳಿಸಿದ್ದರು. ಸಂಖ್ಯೆ ಗೊತ್ತಿದ್ದ ಮನೆಯವರು ತಮ್ಮದನ್ನು ಓದಿಕೊಳ್ಳಬಹುದು. ಬೇರೆಯವರಿಗೆ ಅದು ಯಾರೆಂದೇ ತಿಳಿಯದು. ಕೇಡು ಬಯಸಿದವರ ಕೆಲಸವಲ್ಲ ಇದು. ಹುಡುಗಿಯರ ಮಾನವನ್ನು ಮುಚ್ಚಿ, ಬರೆದವರನ್ನಷ್ಟೇ ಬೀದಿಗೆ ತಂದು ನಿಲ್ಲಿಸಿತ್ತು.

ಮತ್ತೆ ಆ ಕಡ್ಡಿಗಳ ಗೆರೆ. ಕಂಪ್ಯೂಟರಿನಲ್ಲಿ ಬೆಳೆದವರು ಹಾಗೆ ಗೆರೆ ಹಾಕುವುದಿಲ್ಲ. ಬೆರಳಚ್ಚು ಯಂತ್ರದಲ್ಲಿ ಕಲಿತವರು ಹಾಕುತ್ತಾರೆ.

ಅವಳ ಕಣ್ಣು ಗೋಡೆಗೆ ಹೋಯಿತು. ಅಂಗಡಿಯ ದೊಡ್ಡ ಕ್ಯಾಲೆಂಡರು. ಅದರ ಹಿಂದೆ ಹಳೆಯ ಕಟ್ಟಿನ ಪ್ರಮಾಣಪತ್ರವೊಂದಿದೆಯೆಂಬುದು ಅವಳಿಗೆ ಜುಲೈಯಲ್ಲೇ ಗೊತ್ತಿತ್ತು. ತಂತಿ ಎಳೆಯಲು ಮೊಳೆ ಹೊಡೆಯುವಾಗ ಗಾಜು ಕಂಡಿತ್ತು. ಯಾರದೆಂದು ಆಗ ನೋಡಿರಲಿಲ್ಲ. ಈಗ ಕಾಲು ಜೋಮು ಹಿಡಿದಂತೆ ನಟಿಸಿ ಎದ್ದು, ಕ್ಯಾಲೆಂಡರಿನ ಅಂಚನ್ನು ಎತ್ತಿದಳು. ಬೆರಳಚ್ಚು ಪರೀಕ್ಷೆ, ಸೀನಿಯರ್ ದರ್ಜೆ, 1969, ಪ್ರಥಮ ಶ್ರೇಣಿ. ಅದರ ಮೇಲಿದ್ದ ಹೆಸರನ್ನು ಓದಿ ಕ್ಯಾಲೆಂಡರನ್ನು ಇಳಿಬಿಟ್ಟಳು. ಒಂದು ನೋಟಕ್ಕೆ ಒಂದು ಸಾಲನ್ನು ಹಿಡಿದಿಟ್ಟುಕೊಳ್ಳುವ ಕಣ್ಣಿಗೆ ಹನ್ನೊಂದಕ್ಷರ ಯಾವ ಲೆಕ್ಕ?

ಕೊನೆಯದಾಗಿ ಕಚೇರಿಯ ಕಂಪ್ಯೂಟರಿನಲ್ಲಿದ್ದ ಮೂಲ ಕಡತ ತೆರೆದಳು. ಎಂಬತ್ತೆಂಟನೆಯ ಸಂಖ್ಯೆ, ದೊಡ್ಡಮ್ಮನ ಬುದ್ಧಿಭ್ರಮಣೆಯ ಷರಾ. ಹುಡುಗಿಯ ಹೆಸರು ಲಾಸ್ಯ. ತಾಯಿ ಸರ್ವಮಂಗಳಾ. ಷರಾ ಬರೆದ ತಾರೀಖು ಎರಡು ವರ್ಷದ ಹಿಂದಿನದು.

ಈಗ ಅವಳಿಗೆ ಹೆಸರು ಗೊತ್ತಿತ್ತು. ಬಾಯಿ ತೆರೆದು ಒಂದು ಮಾತು ಹೇಳಿದರೆ ಜುಬ್ಬದ ಜೇಬಿನಿಂದ ಕೀಲಿ ಹೊರಬರುತ್ತಿತ್ತು. ಆದರೆ ಆಮೇಲೆ ಈ ಗೇಟು ಇನ್ನೊಬ್ಬರ ಮೇಲೆ ಮುಚ್ಚಿಕೊಳ್ಳುತ್ತದೆ, ಮತ್ತು ತನಗಿರುವಂತೆ ಅವರಿಗೆ ಕುವೆಂಪುನಗರದಲ್ಲಿ ಹಿಂತಿರುಗಲು ಮನೆಯಿಲ್ಲ. ಒಬ್ಬರ ಹೆಸರನ್ನು ಅವರ ಬೆನ್ನ ಹಿಂದೆ ಹೇಳಿ ಪಾರಾದರೆ, ಇನ್ನೂರ ಹದಿನೈದನೆಯ ಷರಾ ಬರೆದವಳು ತಾನೇ.

“ಹನ್ನೊಂದೂವರೆ,” ಎಂದ ಮೃತ್ಯುಂಜಯ, ದೂರನ್ನು ಮಡಚುತ್ತ.

ರಂಜನಿ ಲೆಟರ್‌ಹೆಡ್ಡನ್ನು ಎಳೆದುಕೊಂಡು ಪತ್ರ ಬರೆದಳು. ಖಾತೆಯ ಪಾಸ್‌ವರ್ಡನ್ನು ಹೊಸದಾಗಿ ಕೊಡಬೇಕೆಂದು ಕೋರಿಕೆ, ದಿನಾಂಕ, ಸ್ಥಳ. ಹೆಸರು, ಸಹಿ ಎಂಬ ಎರಡು ಮಾತುಗಳ ಮುಂದೆ ಖಾಲಿ ಬಿಟ್ಟಳು. ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ, ‘ನನಗೆ ಹನ್ನೆರಡರವರೆಗೆ ಸಮಯ. ನಾನಾಗಿ ಯಾರ ಹೆಸರನ್ನೂ ಹೇಳುವುದಿಲ್ಲ’ ಎಂದು ಸೇರಿಸಿದಳು. ಕಾಗದವನ್ನು ಎರಡು ಮಡಿಕೆ ಮಾಡಿ, ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸುವ ನೆಪದಲ್ಲಿ ಅವುಗಳ ಅಡಿಯಲ್ಲಿ ಹಿಡಿದು, ಪೆನ್ನಿನ ಸಮೇತ ಕಿಟಕಿಯ ಬಳಿಗೆ ಹೋದಳು.

“ಎಲ್ಲಿಗೆ?”

“ಇನ್ನೊಂದು ಲೋಟ ಕಾಫಿ ಸರ್. ಅದಾದ ಮೇಲೆ ಕಾಗದ ಕಳಿಸ್ತೀನಿ. ಹೊಂದೋ ಹೆಸರಿನ ಜೊತೆ.”

ಸರಳಿನಾಚೆಯ ಕತ್ತಲಿನಿಂದ ಬಳೆಗಳ ಸದ್ದು ಬಂತು. ಒಂದು ಕೈ ಲೋಟಗಳನ್ನು, ಕಾಗದವನ್ನು, ಪೆನ್ನನ್ನು ಒಳಗೆಳೆದುಕೊಂಡಿತು.

ಕಾಯುವುದೆಂದರೆ ಏನೆಂದು ರಂಜನಿಗೆ ಆ ಇಪ್ಪತ್ತು ನಿಮಿಷಗಳಲ್ಲಿ ತಿಳಿಯಿತು. ಒಳಗೆ ಪಿಸುಮಾತು. ಶಿವಾನಿಯ ದನಿಯೋ, ಇಂದ್ರಮ್ಮನವರ ದನಿಯೋ ಗುರುತು ಹತ್ತಲಿಲ್ಲ. ಯಾರೋ ಅತ್ತಂತೆ. ಪಾತ್ರೆಯೊಂದು ಬಿದ್ದು ಉರುಳಿತು. ಅಳು ನಿಂತಿತು. ಸಹಿ ಬರದಿದ್ದರೆ? ಯಾರು ತಾನೇ ತಮ್ಮ ಮನೆಗೆ ತಾವೇ ಬೆಂಕಿ ಇಟ್ಟುಕೊಳ್ಳುತ್ತಾರೆ, ಅದೂ ಹೊರಗಿನವಳೊಬ್ಬಳಿಗಾಗಿ? ತಾಯಿ ಈಗ ಜಗಲಿಯಲ್ಲಿ ದೀಪ ಹಚ್ಚಿಕೊಂಡು ಕುಳಿತಿರುತ್ತಾರೆ. ನಾಳೆ ಅಕ್ಕಪಕ್ಕದವರಿಗೆ ಏನು ಹೇಳುತ್ತಾರೆ?

ಹನ್ನೆರಡಕ್ಕೆ ಒಂಬತ್ತು ನಿಮಿಷ. ಮೃತ್ಯುಂಜಯ ಚಪ್ಪಲಿ ಹುಡುಕತೊಡಗಿದ. ಮಹದೇವಪ್ಪ ಜೇಬಿಗೆ ಕೈ ಹಾಕಿದರು.

ಸರಳುಗಳ ನಡುವೆ ಒಂದು ಲೋಟ ಬಂತು. ಅದರ ಅಡಿಯಲ್ಲಿ ಮಡಿಸಿದ ಕಾಗದ.

ರಂಜನಿ ಲೋಟವನ್ನು ಅಲ್ಲೇ ಬಿಟ್ಟು ಕಾಗದವನ್ನು ತೆಗೆದಳು. ಬಿಡಿಸಿ ಒಂದೇ ಒಂದು ಸಲ ನೋಡಿದಳು. ಪೆನ್ಸಿಲಿನ ಸಾಲನ್ನು ಯಾರೋ ಅಳಿಸಿಹಾಕಿದ್ದರು. ಅವಳು ನೇರ ಮೂಲೆಯಲ್ಲಿದ್ದ ಫ್ಯಾಕ್ಸ್ ಯಂತ್ರದ ಬಳಿ ಹೋಗಿ, ಆ ಯಂತ್ರಕ್ಕೆ ಹಾಕಬೇಕಾದ ಹಾಗೆ, ಅಕ್ಷರ ಕೆಳಗೆ ಮಾಡಿ ಹಾಳೆಯನ್ನು ತೂರಿಸಿದಳು.

“ತೋರ್ಸಿ, ಯಾರ ಹೆಸರು ಬರೆದಿದ್ದೀರಿ?” ಮಹದೇವಪ್ಪ ಎದ್ದರು.

“ಹೋದ ಮೇಲೆ ನೋಡಿ ಸರ್. ಈಗ ಎಳೆದ್ರೆ ಅರ್ಧದಲ್ಲಿ ಕಡಿಯುತ್ತೆ. ಒಂದೇ ಅವಕಾಶ ಅಂದಿದ್ದಾರೆ.”

ಅವರ ಕೈ ಗಾಳಿಯಲ್ಲೇ ನಿಂತಿತು. ಯಂತ್ರ ಹಾಳೆಯನ್ನು ಇಂಚಿಂಚಾಗಿ ನುಂಗಿ ಆಚೆ ಬದಿಗೆ ಉಗುಳಿತು. ಗಡಿಯಾರದ ಟಕಟಕ. ಮೃತ್ಯುಂಜಯ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತಿದ್ದ.

ಫೋನ್ ಬಡಿದುಕೊಂಡಿತು.

“ಮೇಡಂ, ವಿಶ್ರುತ್. ಹೆಸರು ಹೊಂದಿತು. ಹೊಸ ಪಾಸ್‌ವರ್ಡ್ ಬರ್ಕೊಳ್ತೀರಾ?”

ಬರೆದುಕೊಂಡಳು. ಮೋಡೆಮ್ ಮತ್ತೆ ಕೂಗಾಡಿತು. ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಆ ಬಿಳಿಯ ಪುಟ ಪರದೆಯಿಂದ ಅಳಿಸಿಹೋಗಿ, ಅಧ್ಯಕ್ಷರ ಸಂದೇಶ ಮತ್ತೆ ಮೂಡಿತು. ಸಂದೇಶದ ಪಕ್ಕದಲ್ಲಿ ಮಹದೇವಪ್ಪನವರ ನಗುಮುಖದ ಫೋಟೋ. ಷರಾಗಳ ಕಡತವನ್ನೂ ರಂಜನಿ ಹೋಸ್ಟಿಂಗ್ ಖಾತೆಯಿಂದ ಪೂರ್ತಿ ಅಳಿಸಿದಳು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

“ಪುಟ ಹೋಯ್ತು ಸರ್. ಇನ್ನು ಬೀಗ ತೆಗೀರಿ.”

ಮಹದೇವಪ್ಪ ತೆಗೆಯಲಿಲ್ಲ. ಫ್ಯಾಕ್ಸ್ ಯಂತ್ರದ ಆಚೆ ಬದಿಯಲ್ಲಿ ಮಗುಚಿ ಬಿದ್ದಿದ್ದ ಹಾಳೆಯನ್ನು ಎತ್ತಿಕೊಂಡರು. ಕನ್ನಡಕ ಏರಿಸಿದರು. ಹೆಸರಿನ ಜಾಗಕ್ಕೆ ಬಂದು ಅವರ ಕಣ್ಣು ನಿಂತಿತು. ದುಂಡಗಿನ, ಸಾಲು ತಪ್ಪದ, ಒಂದಕ್ಷರವೂ ನಡುಗದ ಸಹಿ. ಕಿಟಕಿಯ ಸರಳುಗಳಾಚೆ ಯಾರೋ ಕತ್ತಲಿನಿಂದ ಬೆಳಕಿಗೆ ಬಂದು ನಿಂತರು. ಮಹದೇವಪ್ಪ ಅತ್ತ ತಲೆಯೆತ್ತಿ, ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ ಒಮ್ಮೆಯೂ ಬಾಯಿಬಿಟ್ಟು ಕರೆಯದಿದ್ದ ಹೆಸರನ್ನು ಮೊದಲ ಸಲ ಗಟ್ಟಿಯಾಗಿ ಓದಿದರು:

“ಇಂದ್ರಮ್ಮ.”